ಗೂಡಿನಿಂದಾಚೆ

ಜುಲೈ 8, 2024, ಸೋಮವಾರ

ಕನಕಪುರ ಸೀಮೆಯ ಮಕ್ಕಳಿಗೆ ರೇಷ್ಮೆ ಹುಳುವನ್ನು ಹೊಸದಾಗಿ ಪರಿಚಯ ಮಾಡಿಸಬೇಕಾಗಿಲ್ಲ. ಅಂಬೆಗಾಲಿಡುವಾಗಲೇ ಹುಳು ಮನೆಯ ಬಾಗಿಲಲ್ಲಿ ಕೂತು ಹಿಪ್ಪುನೇರಳೆ ಕಡ್ಡಿ ಕಚ್ಚಿದವರು ಇವರು. ಗೂಡಿಗೆ ಈ ಸಲ ಎಷ್ಟು ರೇಟು ಸಿಕ್ಕಿತು ಅಂತ ಅಪ್ಪ ಅಮ್ಮ ರಾತ್ರಿ ಮಾತಾಡಿಕೊಂಡಿದ್ದನ್ನು ಬೆಳಿಗ್ಗೆ ಅಂಗನವಾಡಿಗೆ ಬಂದು ನನಗೆ ಒಪ್ಪಿಸುತ್ತಾರೆ. ಇವತ್ತು ಅವರನ್ನು ಸುತ್ತ ಕೂರಿಸಿಕೊಂಡು "ಗೂಡು ಕಟ್ಟಿದ ಮೇಲೆ ಹುಳ ಏನಾಗ್ತದೆ?" ಅಂತ ಕೇಳಿದೆ. "ಮಾರ್ಕೆಟ್ಟಿಗೆ ಹೋಗ್ತದೆ!" ಅಂತ ಎಲ್ಲರೂ ಒಟ್ಟಿಗೆ ಕೂಗಿದರು.

ಅವರು ಹೇಳಿದ್ದು ಸರಿಯೇ. ಗೂಡು ಕಟ್ಟಲು ಚಂದ್ರಿಕೆಗೆ ಹುಳು ಬಿಟ್ಟ ಐದಾರು ದಿನಕ್ಕೆ ಗೂಡು ಬಿಡಿಸಿ ರಾಮನಗರಕ್ಕೋ ಕನಕಪುರಕ್ಕೋ ಒಯ್ಯುತ್ತಾರೆ. ಚಿಟ್ಟೆ ಹೊರಬರಲು ಅಲ್ಲಿಂದ ಇನ್ನೂ ಒಂದು ವಾರವಾದರೂ ಬೇಕು. ಅಷ್ಟರೊಳಗೆ ಗೂಡು ನೂಲು ಬಿಚ್ಚುವ ರೀಲರ್‌ಗಳ ಕೈ ಸೇರಿ, ಬಿಸಿಗಾಳಿಯಲ್ಲೋ ಹಬೆಯಲ್ಲೋ ಒಳಗಿನ ಜೀವ ಮುಗಿದಿರುತ್ತದೆ. ಚಿಟ್ಟೆ ಗೂಡನ್ನು ತೂತು ಮಾಡಿ ಬಂದರೆ ಎಳೆ ತುಂಡು ತುಂಡಾಗುತ್ತದೆ, ನೂಲು ಬಿಚ್ಚಲು ಬರುವುದಿಲ್ಲ. ಹೀಗಾಗಿ ತಲೆಮಾರುಗಳಿಂದ ಹುಳು ಸಾಕಿಕೊಂಡು ಬಂದ ಊರಿನಲ್ಲೇ ಮಕ್ಕಳು ರೇಷ್ಮೆ ಚಿಟ್ಟೆಯನ್ನು ಕಂಡಿಲ್ಲ. ಹುಡುಗಿಯಾಗಿದ್ದಾಗ ನಾನೂ ಕಂಡಿರಲಿಲ್ಲ.

ಗೋಡೆಯ ಮೇಲೆ ಜೀವನಚಕ್ರದ ಪಟ ಇದೆ. ಮೊಟ್ಟೆ, ಹುಳು, ಗೂಡು, ಚಿಟ್ಟೆ, ನಡುವೆ ನಾಲ್ಕು ಬಾಣ. ಮಕ್ಕಳು ಅದನ್ನು ನೋಡಿ ನಾಲ್ಕು ಹೆಸರು ಗಟ್ಟಿಯಾಗಿ ಹೇಳುತ್ತಾರೆ. ಆ ಬಾಣಗಳ ಒಳಗೆ ಎಷ್ಟು ದಿನ ಇದೆ, ಎಷ್ಟು ಸೊಪ್ಪು ಇದೆ, ಎಷ್ಟು ಹುಳು ದಾರಿಯಲ್ಲೇ ಸಾಯುತ್ತವೆ ಅನ್ನುವುದನ್ನು ಪಟ ಹೇಳುವುದಿಲ್ಲ. ಈ ಸಲ ಮೊಟ್ಟೆಯಿಂದ ಚಿಟ್ಟೆಯವರೆಗೆ ಮಕ್ಕಳ ಕೈಯಿಂದಲೇ ಸಾಕಿಸಬೇಕು ಅಂತ ತೀರ್ಮಾನ ಮಾಡಿದ್ದೇನೆ.

ಕೊನೆಮನೆ ಅಜ್ಜಿಯ ಮಗ ಮರಿಹುಳು ಸಾಕುವ ಚಾಕಿ ಕೇಂದ್ರಕ್ಕೆ ಹೋಗಿದ್ದವರು ಮೊಟ್ಟೆ ಹಾಳೆಯ ಒಂದು ಚೂರು ತಂದುಕೊಟ್ಟಿದ್ದಾರೆ. ಪ್ರತಿ ಮೊಟ್ಟೆಯಲ್ಲೂ ಕಪ್ಪು ಚುಕ್ಕೆ ಮೂಡಿದೆ. ಒಳಗಿನ ಮರಿಯ ತಲೆ ಅದು, ನಾಡಿದ್ದು ಬೆಳಿಗ್ಗೆ ಒಡೆಯುತ್ತವೆ ಅಂದರು. ಎಲ್ಲ ಒಂದೇ ಹೊತ್ತಿಗೆ ಒಡೆಯಲಿ ಅಂತ ಕಪ್ಪು ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟೆ. ಅಜ್ಜಿಯೇ ಸಂಜೆ ಬಂದು ಕಟ್ಟುನಿಟ್ಟಾಗಿ ಹೇಳಿ ಹೋದರು: "ಟೀಚ್ರಮ್ಮ, ಆ ಕೋಣೇಲಿ ಸೊಳ್ಳೆ ಬತ್ತಿ ಹಚ್ಚಬ್ಯಾಡಿ, ಊದುಬತ್ತಿನೂ ಬ್ಯಾಡ. ಮಕ್ಳು ಕೈ ತೊಳೀದೆ ಮುಟ್ಟಕೂಡ್ದು. ನಿಮ್ ಹುಳಕ್ಕೆ ರೋಗ ಬಂದ್ರೆ ನಮ್ ಹುಳಾನೂ ಹೋಯ್ತವೆ." ನ್ಯಾಯವಾದ ಮಾತು. ಅಂಗನವಾಡಿಯ ಕಸ, ಹಿಕ್ಕೆ, ಉಳಿದ ಸೊಪ್ಪು ಎಲ್ಲವನ್ನೂ ಗುಂಡಿಗೆ ಹಾಕಿ ಮಣ್ಣು ಮುಚ್ಚುತ್ತೇನೆ ಅಂತ ಮಾತು ಕೊಟ್ಟೆ.

ಜುಲೈ 10, ಬುಧವಾರ

ಒಡೆದಿವೆ. ಬೆಳಿಗ್ಗೆ ಬಟ್ಟೆ ಬಿಚ್ಚಿದಾಗ ಹಾಳೆಯ ತುಂಬ ಕಪ್ಪು ಕೂದಲಿನ ಚೂರುಗಳು ಹರಿದಾಡುತ್ತಿದ್ದವು. ಒಂದೊಂದೂ ಮೂರು ಮಿಲಿಮೀಟರ್ ಇರಬಹುದು. ಮಕ್ಕಳು ನಂಬಲಿಲ್ಲ. ಅವರ ಮನೆಗೆ ಹುಳು ಬರುವುದು ಎರಡನೇ ಸಲ ಪೊರೆ ಬಿಟ್ಟ ಮೇಲೆ, ಚಾಕಿ ಕೇಂದ್ರದಿಂದ. ಇಷ್ಟು ಸಣ್ಣದನ್ನು ಅವರು ನೋಡಿಯೇ ಇಲ್ಲ. "ಇದು ಹುಳ ಅಲ್ಲ ಮಿಸ್, ಇರುವೆ" ಅಂತ ಅಂಗಡಿಮನೆ ಪುಟ್ಟಿ ವಾದಿಸಿದಳು. ನಾನು ಸರಿ ತಪ್ಪು ಹೇಳಲಿಲ್ಲ. "ದಿನಾ ನೋಡೋಣ, ಆಮೇಲೆ ನೀನೇ ಹೇಳು" ಅಂದೆ.

ಎಳೆಯ ಸೊಪ್ಪನ್ನು ಸಹಾಯಕಿ ಅಕ್ಕ ಸಣ್ಣಗೆ ಕತ್ತರಿಸಿದರು. ಕೋಳಿ ಗರಿಯಿಂದ ಸವರಿ ಮರಿಗಳನ್ನು ಸೊಪ್ಪಿನ ಮೇಲೆ ಇಳಿಸುವ ಕೆಲಸ ಮಕ್ಕಳದು. ನಾಲ್ಕು ವರ್ಷದ ಬೆರಳುಗಳು ಗರಿ ಹಿಡಿದಾಗ ಉಸಿರು ಕೂಡ ನಿಧಾನವಾಗುತ್ತದೆ. ಸ್ಲೇಟು ಕಡ್ಡಿ ಹಿಡಿಯಲು ಕೊಸರಾಡುವ ಹುಡುಗ ಇವತ್ತು ಗರಿಯನ್ನು ಎಷ್ಟು ಹಗುರವಾಗಿ ಹಿಡಿದಿದ್ದ! ಬರೆಯುವುದಕ್ಕೆ ಕೈ ಪಳಗಲಿ ಅಂತ ಮಣಿ ಪೋಣಿಸಲು, ಕಾಳು ಆರಿಸಲು ಕೊಡುತ್ತೇವೆ. ಇದು ಅವೆಲ್ಲಕ್ಕಿಂತ ಒಳ್ಳೆಯ ಅಭ್ಯಾಸ ಅನ್ನಿಸಿತು, ಯಾಕೆಂದರೆ ಇಲ್ಲಿ ಬೆರಳು ಒರಟಾದರೆ ಒಂದು ಜೀವಕ್ಕೆ ನೋವಾಗುತ್ತದೆ ಅಂತ ಮಗುವಿಗೆ ಗೊತ್ತು.

ಗೋಡೆಗೆ ಬಿಳಿ ಹಾಳೆ ಅಂಟಿಸಿದ್ದೇನೆ. ಹುಳುವಿನ ಉದ್ದಕ್ಕೆ ದಾರ ಕತ್ತರಿಸಿ ಆಗಾಗ ಅಂಟಿಸುತ್ತಾ ಹೋಗುವುದು. ಈ ವಯಸ್ಸಿಗೆ ಸ್ಕೇಲು, ಸೆಂಟಿಮೀಟರ್ ಬೇಡ; ಯಾವ ದಾರ ಉದ್ದ, ಯಾವುದು ಗಿಡ್ಡ ಎಂದು ಕಣ್ಣಿಗೆ ಕಂಡರೆ ಸಾಕು. ಇವತ್ತಿನ ದಾರ ಬೆರಳಿಗೇ ಸಿಗುತ್ತಿರಲಿಲ್ಲ, ಅದರ ಬದಲು ಒಂದು ಎಳ್ಳುಕಾಳು ಅಂಟಿಸಿದೆವು.

ಜುಲೈ 13, ಶನಿವಾರ

ಮೊದಲನೇ ಜ್ವರ. ಹುಳು ಪೊರೆ ಬಿಡುವ ಮುಂಚೆ ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ಇದಕ್ಕೆ ನಮ್ಮಲ್ಲಿ ಜ್ವರಕ್ಕೆ ಕೂತಿದೆ ಅನ್ನುತ್ತಾರೆ. ಮಕ್ಕಳು ಈ ಮಾತನ್ನು ಮನೆಯಲ್ಲಿ ಕೇಳಿದ್ದಾರೆ, ಅರ್ಥ ಅವರದೇ. "ಮಿಸ್, ನರ್ಸಮ್ಮನ ಕರೀರಿ, ಸೂಜಿ ಹಾಕ್ಲಿ" ಅಂತ ಒಬ್ಬಳು ಅಳುವ ಹಾಗಾದಳು.

ಅವರನ್ನು ಸುಮ್ಮನೆ ಕಾಯಿಸುವುದು ಇವತ್ತಿನ ಪಾಠವಾಯಿತು. ಮಗುವಿಗೆ ಪ್ರೀತಿ ಅಂದರೆ ತಿನ್ನಿಸುವುದು. ಸೊಪ್ಪು ಹಾಕಬೇಡಿ, ಮುಟ್ಟಬೇಡಿ, ಹುಳುವಿನ ಹಾಸಿಗೆ ಒಣಗಿರಲಿ ಅಂದರೆ ಅವರಿಗೆ ಬಹಳ ಕಷ್ಟ. ಸುಣ್ಣದ ಪುಡಿಯನ್ನು ನಾನೇ ತೆಳ್ಳಗೆ ಉದುರಿಸಿದೆ, ಮಕ್ಕಳ ಕಣ್ಣಿಗೆ ಬೀಳದಂತೆ ದೂರ ನಿಲ್ಲಿಸಿ. ಆಮೇಲೆ ಎಲ್ಲರೂ ಚಾಪೆಯ ಮೇಲೆ ಹುಳುವಾಗಿ ಕೂತೆವು: ಕತ್ತು ಎತ್ತಿ, ಕಣ್ಣು ಮುಚ್ಚಿ, ಅಲ್ಲಾಡದೆ. ನಂತರ ಬಿಗಿಯಾದ ಹಳೇ ಸ್ವೆಟರಿನಿಂದ ತಲೆ ಮೊದಲು, ಕೈ ಆಮೇಲೆ, ಒಬ್ಬೊಬ್ಬರಾಗಿ ನುಸುಳಿ ಬಂದೆವು. ಹುಳುವೂ ತಲೆಯ ಕಡೆಯಿಂದಲೇ ಹಳೇ ಚರ್ಮವನ್ನು ಬಿಟ್ಟು ಮುಂದಕ್ಕೆ ತೆವಳುತ್ತದೆ. ಮೈ ಬೆಳೆಯುತ್ತದೆ, ಚರ್ಮ ಬೆಳೆಯುವುದಿಲ್ಲ, ಅದಕ್ಕೇ ಬಿಡಬೇಕು ಎಂಬುದು ಸ್ವೆಟರಿನಲ್ಲಿ ಸಿಕ್ಕಿಕೊಂಡು ಕೈಕಾಲು ಬಡಿದ ಮಗುವಿಗೆ ನಾನು ಬಾಯಲ್ಲಿ ಹೇಳಬೇಕಾಗಲಿಲ್ಲ.

ಶಾಲೆಗೆ ಸೇರುವ ವಯಸ್ಸಿಗೆ ಬಂದ ಹುಡುಗಿಯೊಬ್ಬಳಿಗೆ ಮುಂದಿನ ಹಲ್ಲು ಬಿದ್ದಿದೆ. "ನನ್ ಹಲ್ಲೂ ಜ್ವರಕ್ಕೆ ಕೂತಿತ್ತು" ಅಂದಳು. ಈ ಮಾತನ್ನು ಇಲ್ಲಿ ಬರೆದಿಡುತ್ತೇನೆ.

ಜುಲೈ 16, ಮಂಗಳವಾರ

ಅಂಗನವಾಡಿಯಲ್ಲಿ ಮಕ್ಕಳಿಗೆ ಮೊಟ್ಟೆ ಕೊಡುವ ದಿನ. ಬೇಯಿಸಿದ ಮೊಟ್ಟೆಯನ್ನು ಕೈಯಲ್ಲಿ ಹಿಡಿದ ಹುಡುಗನೊಬ್ಬ ತಿನ್ನಲಿಲ್ಲ. "ಇದರಾಗೆ ಮರಿ ಐತಾ?" ಅಂದ. ರೇಷ್ಮೆ ಮೊಟ್ಟೆ ಒಡೆದು ಮರಿ ಬಂದದ್ದನ್ನು ಕಂಡ ಮಗು ಈ ಪ್ರಶ್ನೆ ಕೇಳಲೇಬೇಕು. ಫಾರಂ ಕೋಳಿಗಳ ಜೊತೆ ಹುಂಜ ಇರುವುದಿಲ್ಲ, ಹುಂಜ ಇಲ್ಲದೆ ಇಟ್ಟ ಮೊಟ್ಟೆಗೆ ಎಷ್ಟು ಕಾವು ಕೊಟ್ಟರೂ ಮರಿಯಾಗುವುದಿಲ್ಲ, ಅದು ಬರೀ ಊಟ ಅಂತ ನೇರವಾಗಿ ಹೇಳಿದೆ. ಹಳ್ಳಿಯ ಮಕ್ಕಳು, ಹುಂಜ ಯಾಕೆ ಬೇಕು ಅಂತ ಯಾರೂ ಬೆರಗಾಗಲಿಲ್ಲ. ಹುಡುಗ ತಿಂದ.

ಮಾತಿನಲ್ಲಿ ಬಿಡಬಾರದು ಅಂತ ಮಧ್ಯಾಹ್ನ ಅಕ್ಕನ ಮನೆಗೆ ಕರೆದೊಯ್ದೆ. ಅವರ ನಾಟಿ ಕೋಳಿ ಕಾವಿಗೆ ಕೂತು ಹತ್ತು ದಿನ. ಕತ್ತಲೆ ಕೋಣೆಯಲ್ಲಿ ಕಂಬಳಿ ಹೊದ್ದು ಒಂದು ಮೊಟ್ಟೆಯ ಹಿಂದೆ ಮೊಬೈಲ್ ಟಾರ್ಚ್ ಹಿಡಿದೆವು. ಕೆಂಪು ನರಗಳು, ನಡುವೆ ಮಿಸುಕುವ ಕಪ್ಪು ಗುಡ್ಡೆ. ಪಕ್ಕದಲ್ಲೇ ನಮ್ಮ ಅಂಗನವಾಡಿಯ ಹಸಿ ಮೊಟ್ಟೆ ಒಂದಕ್ಕೆ ಟಾರ್ಚ್ ಹಿಡಿದರೆ ಖಾಲಿ ಬೆಳಕು. ಎರಡನ್ನೂ ಒಟ್ಟಿಗೆ ತೋರಿಸುವುದು ಮುಖ್ಯ. ಮೊಟ್ಟೆಯನ್ನು ಬೇಗ ವಾಪಸು ಇಟ್ಟೆವು, ಕೋಳಿ ಕುಕ್ಕಿ ಅಕ್ಕನ ಕೈ ಕೆಂಪಾಯಿತು.

ಹುಳು ಎರಡನೇ ಜ್ವರಕ್ಕೆ ಕೂರುತ್ತಿವೆ. ನಾಳೆ ಮೊಹರಂ ರಜೆ, ಅವಕ್ಕೂ ಸೊಪ್ಪಿನ ಗೊಡವೆ ಇಲ್ಲ. ಅನುಕೂಲವಾಯಿತು.

ಜುಲೈ 20, ಶನಿವಾರ

ಮಳೆ. ಕೆರೆಯ ಅಂಚಿನ ಹೊಂಡದಲ್ಲಿ ಗೊದಮೊಟ್ಟೆ ಸಿಕ್ಕವು. ಆ ಹೊಂಡದ್ದೇ ನೀರು ಬಕೀಟಿನಲ್ಲಿ ತಂದೆವು; ನಲ್ಲಿ ನೀರು ಆಗದು. ಹಿಂಗಾಲು ಬಂದವು ಕೆಲವು, ಬರೀ ಬಾಲದವು ಕೆಲವು. ಬೋಗುಣಿಯಲ್ಲಿ ಒಂದು ಕಲ್ಲು ಇಟ್ಟಿದ್ದೇನೆ. ಮುಂಗಾಲು ಬಂದು ಬಾಲ ಮೈಯೊಳಗೆ ಕರಗುವ ಹೊತ್ತಿಗೆ ಅವು ಗಾಳಿ ಕುಡಿಯಲು ಮೇಲೆ ಹತ್ತಬೇಕು, ಕಲ್ಲಿಲ್ಲದಿದ್ದರೆ ಮುಳುಗಿ ಸಾಯುತ್ತವೆ. ಬಾಲ ಉದುರುತ್ತದೆ ಅಂತ ಮಕ್ಕಳೆಲ್ಲರ ನಂಬಿಕೆ. ಬಿದ್ದ ಬಾಲ ಹುಡುಕಿ ತರಲು ಹೇಳಿದ್ದೇನೆ. ದಿನಾ ಬೋಗುಣಿಯ ತಳ ನೋಡುತ್ತಿದ್ದಾರೆ.

ಜುಲೈ 23, ಮಂಗಳವಾರ

ರಾತ್ರಿ ಕೂತು ಮರಿಯಾ ಸಿಬಿಲ್ಲಾ ಮೇರಿಯನ್ ಬಗ್ಗೆ ಓದಿದೆ. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ 1647ರಲ್ಲಿ ಹುಟ್ಟಿದ ಹೆಣ್ಣುಮಗಳು. ಹದಿಮೂರನೇ ವಯಸ್ಸಿನಲ್ಲಿ ರೇಷ್ಮೆ ಹುಳು ಸಾಕಿ, ಅದು ಗೂಡು ಕಟ್ಟುವುದನ್ನೂ ಚಿಟ್ಟೆಯಾಗಿ ಬರುವುದನ್ನೂ ಕಣ್ಣಾರೆ ಕಂಡು ಚಿತ್ರ ಬರೆಯತೊಡಗಿದಳು. ಹುಳುಗಳು ಕೆಸರಿನಿಂದ, ಕೊಳೆತದ್ದರಿಂದ ತಾವಾಗಿ ಹುಟ್ಟುತ್ತವೆ ಅಂತ ದೊಡ್ಡ ವಿದ್ವಾಂಸರೂ ನಂಬಿದ್ದ ಕಾಲ ಅದು. 1679ರಲ್ಲಿ ಅವಳ ಕಂಬಳಿಹುಳುಗಳ ಪುಸ್ತಕದ ಮೊದಲ ಭಾಗ ಬಂತು. ಆಮೇಲೆ 1699ರಲ್ಲಿ, ಐವತ್ತು ದಾಟಿದ ಮೇಲೆ, ಮಗಳನ್ನು ಕರೆದುಕೊಂಡು ಸಮುದ್ರ ದಾಟಿ ಸುರಿನಾಮಿಗೇ ಹೋಗಿ ಅಲ್ಲಿಯ ಹುಳುಗಳನ್ನು ಸಾಕಿ ಬರೆದಳು.

ಅವಳ ಚಿತ್ರಗಳ ಪ್ರತಿಗಳನ್ನು ಫೋನಿನಲ್ಲಿ ದೊಡ್ಡದು ಮಾಡಿ ನೋಡಿದೆ. ಪ್ರತಿಯೊಂದರಲ್ಲೂ ಹುಳು, ಕೋಶ, ಚಿಟ್ಟೆ ಅದು ತಿನ್ನುವ ಗಿಡದ ಮೇಲೇ ಇವೆ. ಎಲೆಯಲ್ಲಿ ಹುಳು ಕಡಿದ ತೂತೂ ಇದೆ. ನಮ್ಮ ಗೋಡೆಯ ಪಟದಲ್ಲಿ ಒಂದೂ ಎಲೆ ಇಲ್ಲ! ಬೆಳಿಗ್ಗೆ ಎದ್ದು ಮೊದಲು ಮಾಡಿದ ಕೆಲಸ, ಒಣಗಿದ ಹಿಪ್ಪುನೇರಳೆ ಎಲೆ ತಂದು ಆ ಪಟಕ್ಕೆ ಅಂಟಿಸುವುದನ್ನು ಮಕ್ಕಳಿಗೆ ವಹಿಸಿದ್ದು. ಹುಳು ತಿಂದು ಉಳಿಸಿದ ಎಲೆಗಳನ್ನೇ ಆರಿಸಿ ಅಂಟಿಸಿದರು. ಎಷ್ಟು ಅಂಟಿಸಬೇಕು ಅಂತ ಜಗಳವೂ ಆಯಿತು. ಇನ್ನೂ ಬೇಕು, ಇನ್ನೂ ಬೇಕು ಅಂದವರ ಮಾತೇ ಸರಿ ಇತ್ತು.

ಜುಲೈ 27, ಶನಿವಾರ

ಅಕ್ಕನ ಮನೆಯಲ್ಲಿ ಮರಿ ಒಡೆದವು, ಇಪ್ಪತ್ತೊಂದನೇ ದಿನಕ್ಕೆ ಸರಿಯಾಗಿ. ಮಕ್ಕಳು ಬೆಳಿಗ್ಗೆಯೆಲ್ಲ ಅಲ್ಲೇ. ಒಂದು ಮರಿ ಚಿಪ್ಪು ಒಡೆಯಲಾರದೆ ಒದ್ದಾಡುತ್ತಿತ್ತು, ಸಹಾಯ ಮಾಡಬೇಕೆಂದು ಮೂರು ಕೈ ಮುಂದೆ ಬಂದವು. ಅಕ್ಕ ಬಿಡಲಿಲ್ಲ. ಅದು ಮಧ್ಯಾಹ್ನದ ಹೊತ್ತಿಗೆ ತಾನಾಗಿ ಬಂತು.

ಹುಳು ನಾಲ್ಕನೇ ಜ್ವರ ಎದ್ದಿವೆ. ಇನ್ನು ಅವುಗಳ ಹೊಟ್ಟೆ ತುಂಬಿಸುವುದೇ ಕೆಲಸ. ಹುಳು ಬದುಕಿನಲ್ಲಿ ತಿನ್ನುವ ಸೊಪ್ಪಿನ ನೂರಕ್ಕೆ 80ಕ್ಕೂ ಹೆಚ್ಚು ಪಾಲು ಈ ಕೊನೆಯ ವಾರದ್ದು. ಮಕ್ಕಳು ಬರುವಾಗಲೇ ಮನೆಯಿಂದ ಒಂದೊಂದು ಕಡ್ಡಿ ಸೊಪ್ಪು ಹಿಡಿದು ಬರುತ್ತಾರೆ. ಔಷಧಿ ಹೊಡೆದ ತೋಟದ್ದಲ್ಲ ತಾನೇ ಅಂತ ಪ್ರತಿಯೊಬ್ಬರನ್ನೂ ಕೇಳಿಯೇ ಒಳಗೆ ಬಿಡುತ್ತೇನೆ. ಒದ್ದೆ ಸೊಪ್ಪನ್ನು ಬಟ್ಟೆಯಲ್ಲಿ ಒರೆಸಿ ಹರಡುವುದು ಮೂರು ವರ್ಷದವರ ಕೆಲಸ, ಹಾಸಿಗೆ ಬದಲಿಸುವುದು ದೊಡ್ಡವರದು. ಗೋಡೆಯ ದಾರ ಎಳ್ಳುಕಾಳಿನಿಂದ ಮಗುವಿನ ಕಿರುಬೆರಳಿನ ಉದ್ದಕ್ಕೆ ಬಂದಿದೆ. ಈ ವಾರದಲ್ಲೇ ಮಕ್ಕಳ ತೂಕ ನೋಡಿ ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಹಾಕಬೇಕಿತ್ತು. ಎಂದೂ ಇಲ್ಲದ ಹಾಗೆ ತಾವಾಗಿ ಸಾಲಾಗಿ ನಿಂತರು. ಬೆಳೆಯುವುದು ಅಂದರೇನು ಅಂತ ಅವರಿಗೀಗ ತಮ್ಮದೇ ಲೆಕ್ಕವಿದೆ. ಮೊಟ್ಟೆಯಿಂದ ಬಂದಾಗಿನ ತೂಕಕ್ಕಿಂತ ಹುಳು ಹತ್ತು ಸಾವಿರ ಪಟ್ಟು ಬೆಳೆಯುತ್ತದೆ. ಆ ಸಂಖ್ಯೆ ಅವರಿಗೆ ಬೇಡ, ನನಗೆ ಮಾತ್ರ ಪ್ರತಿ ಸಲ ಮೈ ಜುಮ್ಮೆನ್ನುತ್ತದೆ.

ಜುಲೈ 31, ಬುಧವಾರ

ಊಜಿ. ಸೊಳ್ಳೆ ಪರದೆ ಕಟ್ಟಿದ್ದರೂ ಎಲ್ಲಿಂದಲೋ ನುಗ್ಗಿದೆ. ಹುಳುವೊಂದರ ಮೈಮೇಲೆ ಕಪ್ಪು ಮಚ್ಚೆ. ಊಜಿ ನೊಣ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಅದರ ಮರಿ ಚರ್ಮ ಕೊರೆದು ಒಳಗೆ ಸೇರಿ ಹುಳುವನ್ನೇ ತಿಂದು ಬೆಳೆಯುತ್ತದೆ. ಒಳಹೋದ ಜಾಗವೇ ಆ ಮಚ್ಚೆ. ಬಂಗಾಳದ ಕಡೆಯಿಂದ ಗೂಡಿನ ಜೊತೆ 1980ರಲ್ಲಿ ಕರ್ನಾಟಕಕ್ಕೆ ಬಂದ ಪೀಡೆ ಇದು. ಕೊನೆಮನೆ ಅಜ್ಜಿ ಆ ವರ್ಷಗಳ ಮಾತೆತ್ತಿದರೆ ಈಗಲೂ ದನಿ ಗಡುಸಾಗುತ್ತದೆ.

ಆ ಹುಳುವಿಗೆ ದಿನಾ ತಾನೇ ಸೊಪ್ಪು ಹಾಕುತ್ತೇನೆ ಅಂತ ಹಟ ಹಿಡಿದು ಹಾಕಿದವನು ಹೊಸಮನೆ ಹುಡುಗ. ಹುಳುವನ್ನು ಅವನ ಕಣ್ಣು ತಪ್ಪಿಸಿ ಎಸೆದುಬಿಡಬಹುದಿತ್ತು. ಎಸೆಯಲಿಲ್ಲ. ಬೇರೆ ಗಾಜಿನ ಸೀಸೆಯಲ್ಲಿ ಹಾಕಿ, ಬಾಯಿಗೆ ಬಟ್ಟೆ ಬಿಗಿದು, ಎಲ್ಲರ ಎದುರು ಇಟ್ಟೆ. ಮಧ್ಯಾಹ್ನದ ಮೇಲೆ ಊಜಿಯ ಬಿಳಿ ಮರಿ ಹುಳುವಿನ ಚರ್ಮ ಸೀಳಿಕೊಂಡು ಹೊರಬಂತು. ರೇಷ್ಮೆ ಹುಳು ಸತ್ತಿತು. ಹುಡುಗ ಅತ್ತ, ತೊಡೆಯ ಮೇಲೆ ಕೂರಿಸಿಕೊಂಡೆ. ಮಿಕ್ಕವರಿಗೆ ಸಿಟ್ಟು: "ಕೆಟ್ಟ ನೊಣ, ಸಾಯ್ಸಿ ಮಿಸ್."

ಕೆಟ್ಟದ್ದು ಅಂತ ನಾನು ಹೇಳಲಿಲ್ಲ. ಊಜಿಗೂ ಮೊಟ್ಟೆ ಇದೆ, ಮರಿ ಇದೆ, ಕಂದು ಬಣ್ಣದ ಕೋಶ ಇದೆ, ಅದರಿಂದ ನೊಣ ಬರುತ್ತದೆ. ಅದರ ಮರಿಗೆ ಊಟ ಇನ್ನೊಂದು ಮರಿ. ಇಷ್ಟನ್ನು ಹೇಳಿ, ಆದರೂ ಇದನ್ನು ಸಾಯಿಸಲೇಬೇಕು, ಇಲ್ಲದಿದ್ದರೆ ನಿಮ್ಮೆಲ್ಲರ ಮನೆಯ ಹುಳು ಹೋಗುತ್ತದೆ ಅಂದೆ. ಸೋಪಿನ ನೀರಿಗೆ ಹಾಕಿದೆ, ಅವರ ಮುಂದೆಯೇ. ಮಕ್ಕಳಿಗೆ ಬರೀ ಚಿಟ್ಟೆಯ ಬಣ್ಣ ತೋರಿಸಿ, ಬದುಕಿನ ಈ ಭಾಗವನ್ನು ಮುಚ್ಚಿಟ್ಟರೆ ಅದು ಮಕ್ಕಳ ಮೇಲಿನ ಅಕ್ಕರೆಯಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಹಳ್ಳಿಯ ಮಗು ಸಾವನ್ನು ಹೇಗೂ ಕಾಣುತ್ತದೆ. ಅದನ್ನು ಕಾಣುವಾಗ ಪಕ್ಕದಲ್ಲಿ ಕಾರಣ ಹೇಳುವ ದೊಡ್ಡವರೊಬ್ಬರು ಇರಬೇಕು, ಅಷ್ಟೇ.

ಆಗಸ್ಟ್ 3, ಶನಿವಾರ

ಹಣ್ಣಾಗಿವೆ! ತಿನ್ನುವುದನ್ನು ಬಿಟ್ಟು, ಮೈ ಹಳದಿಯಾಗಿ, ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುವಷ್ಟು ತೆಳ್ಳಗಾಗಿ, ತಲೆ ಆಡಿಸುತ್ತಾ ಅಂಚಿಗೆ ಹತ್ತುತ್ತಿವೆ. ಅಜ್ಜಿ ತಮ್ಮ ಹಳೇ ಬಿದಿರಿನ ಚಂದ್ರಿಕೆಯ ಒಂದು ತುಂಡನ್ನು ಕೊಟ್ಟಿದ್ದಾರೆ. ಈಗ ಎಲ್ಲರ ಮನೆಯಲ್ಲೂ ಪ್ಲಾಸ್ಟಿಕ್ಕಿನ ನೇತ್ರಿಕೆ. ಮಕ್ಕಳು ಹಣ್ಣು ಹುಳು ಆರಿಸುವುದರಲ್ಲಿ ನನಗಿಂತ ಚುರುಕು, ಅದು ಮನೆಯ ಕಲಿಕೆ. ಕಾಯಿ ಹುಳುವನ್ನು ಚಂದ್ರಿಕೆಗೆ ಬಿಟ್ಟರೆ ಗೂಡು ಕೆಡುತ್ತದೆ ಅಂತ ಒಬ್ಬರನ್ನೊಬ್ಬರು ತಿದ್ದುತ್ತಿದ್ದರು.

ಮೊದಲು ಹುಳು ತನ್ನ ಸುತ್ತ ಅಡ್ಡಾದಿಡ್ಡಿ ಎಳೆ ಕಟ್ಟಿಕೊಂಡು, ಆಮೇಲೆ ಎಂಟರ ಅಂಕಿಯ ಹಾಗೆ ತಲೆ ತಿರುಗಿಸುತ್ತಾ ಒಳಗೊಳಗೆ ಸುತ್ತುತ್ತದೆ. ನೆಲದ ಮೇಲೆ ಎಂಟು ಬರೆದು ಅದರ ಮೇಲೆ ನಡೆದೆವು. ಮಲಗಿ ಮೂಗಿನಿಂದ ಗಾಳಿಯಲ್ಲಿ ಎಂಟು ಬರೆದೆವು. ಮಿಶ್ರತಳಿಯ ಒಂದು ಗೂಡಿನಲ್ಲಿ ಏಳೆಂಟು ನೂರು ಮೀಟರ್ ಎಳೆ ಇರುತ್ತದೆ, ಅಂದರೆ ನಮ್ಮ ಬಾಗಿಲಿನಿಂದ ಹಾಲಿನ ಡೈರಿಯವರೆಗೆ. ಸಂಜೆ ಅಷ್ಟು ದೂರ ಮಕ್ಕಳನ್ನು ನಡೆಸಿದೆ. "ಇಷ್ಟ್ ದೂರಾನಾ? ಒಂದೇ ಹುಳವಾ?" ಅಂತ ಡೈರಿ ಕಟ್ಟೆಯ ಮೇಲೆ ಕೂತು ಕಾಲು ನೀವಿಕೊಳ್ಳುತ್ತಾ ಪುಟ್ಟಿ ಕೇಳಿದಳು.

ಆಗಸ್ಟ್ 8, ಗುರುವಾರ

ಅಜ್ಜಿಯ ಮನೆಯಲ್ಲಿ ಗೂಡು ಬಿಡಿಸುತ್ತಿದ್ದರು, ಅವರದೂ ಇದೇ ಮೊಟ್ಟೆಯ ಹುಳುಗಳು. ಮಕ್ಕಳೊಂದಿಗೆ ಹೋದೆವು. ಊರಿನ ಅರ್ಧ ಹೆಂಗಸರು ಅಲ್ಲಿ, ಕ್ರೇಟುಗಳಲ್ಲಿ ಹಳದಿ ಗೂಡಿನ ರಾಶಿ. ಅಲ್ಲೇ ಆ ಪ್ರಶ್ನೆ ಬಂತು. ಕೇಳಿದ್ದು ಅಜ್ಜಿಯ ಮೊಮ್ಮಗಳೇ: "ಒಳಗಿರೋ ಹುಳ ಏನಾಗ್ತದಜ್ಜಿ?"

ಕೈ ನಿಲ್ಲಿಸದೆ ಅಜ್ಜಿ ಹೇಳಿದರು: "ಬಿಸೀಗೆ ಸಾಯ್ತದೆ ಕಣವ್ವ. ಅದ್ ಸತ್ತು ನಮಗೆ ಅನ್ನ ಕೊಡ್ತದೆ. ಅದಕ್ಕೇ ಹುಳ ಮನೆಗೆ ಕೈ ಮುಗ್ದು ಹೋಗೋದು." ಯಾರೋ ಒಬ್ಬರು ಮಕ್ಕಳ ಮುಂದೆ ಯಾಕೆ ಇದೆಲ್ಲ ಅಂದರು. ಅಜ್ಜಿ ಅವರ ಕಡೆ ನೋಡಲೂ ಇಲ್ಲ. ನಾನು ವರ್ಷಗಳಿಂದ ಹುಡುಕುತ್ತಿದ್ದ ಉತ್ತರ ಇಷ್ಟು ಚಿಕ್ಕದಾಗಿ ಸಿಕ್ಕಿತು. ನೂಲು ಬಿಚ್ಚುವ ಬಿಸಿ ನೀರಿನ ಬಾಣಲೆಯನ್ನು ಈ ವಯಸ್ಸಿನವರಿಗೆ ನಾನು ತೋರಿಸುವುದಿಲ್ಲ. ಆದರೆ ಕೇಳಿದ ಮಗುವಿಗೆ ಸುಳ್ಳು ಹೇಳುವುದೂ ಇಲ್ಲ. ಹುಳುಗಳು ಹಾರಿಹೋಗುತ್ತವೆ ಅಂತ ಹೇಳಿ, ನಾಳೆ ಅದೇ ಮಗು ರೀಲಿಂಗ್ ಮನೆಯ ಮುಂದೆ ಹೋದಾಗ ನಮ್ಮ ಮಾತಿಗೆ ಏನು ಬೆಲೆ?

ನಮ್ಮ ಅಂಗನವಾಡಿಯ ಗೂಡುಗಳನ್ನು ಮಾರುವುದಿಲ್ಲ. ಒಂದನ್ನು ಬ್ಲೇಡಿನಿಂದ ಜಾಗ್ರತೆಯಾಗಿ ಕತ್ತರಿಸಿ ಕೋಶವನ್ನು ಹತ್ತಿಯ ಮೇಲೆ ಇಟ್ಟಿದ್ದೇನೆ. ಗೂಡಿಲ್ಲದೆಯೂ ಅದು ಬದುಕುತ್ತದೆ, ಬಿತ್ತನೆ ಕೇಂದ್ರಗಳಲ್ಲಿ ಗಂಡು ಹೆಣ್ಣು ಬೇರೆ ಮಾಡಲು ಹೀಗೇ ಕತ್ತರಿಸುತ್ತಾರೆ. ಪಕ್ಕದಲ್ಲಿ ಸುರುಟಿ ಬಿದ್ದ ಕೊನೆಯ ಪೊರೆ ಸಿಕ್ಕಿತು. ಬೆರಳು ತಾಗಿದರೆ ಕೋಶದ ಬಾಲದ ತುದಿ ತಿರುಗುತ್ತದೆ. ಕಾಲಿಲ್ಲ, ಬಾಯಿಲ್ಲ, ಆದರೂ ಜೀವ ಇದೆ ಅನ್ನುವುದು ಮಕ್ಕಳಿಗೆ ಎಲ್ಲಕ್ಕಿಂತ ದೊಡ್ಡ ಆಶ್ಚರ್ಯ. ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ ಕೇಳಲು ಕೊಟ್ಟೆ. ಒಂದೇ ಸಲ, ಮೆಲ್ಲಗೆ.

ಕಪ್ಪೆಗಳನ್ನು ಹೊಂಡಕ್ಕೇ ಬಿಟ್ಟು ಬಂದೆವು. ಬಿದ್ದ ಬಾಲ ಯಾರಿಗೂ ಸಿಗಲಿಲ್ಲ. ಕೊನೆಗೆ ಒಬ್ಬ ಹುಡುಗ ತಾನೇ ಹೇಳಿದ: "ಬಾಲಾನ ಕಪ್ಪೆನೇ ಒಳಗೆ ಎಳ್ಕೊಂತು." ಅದನ್ನೇ ನಾನು ಪುಸ್ತಕದಿಂದ ಓದಿ ಹೇಳಿದ್ದರೆ ಅವನದಾಗುತ್ತಿರಲಿಲ್ಲ.

ಆಗಸ್ಟ್ 17, ಶನಿವಾರ

ನಿನ್ನೆ ವರಮಹಾಲಕ್ಷ್ಮಿ ಹಬ್ಬ, ಇವತ್ತು ಬೆಳಿಗ್ಗೆ ಚಿಟ್ಟೆ. ಹತ್ತಿಯ ಮೇಲಿನ ಕೋಶ ಎರಡು ದಿನದಿಂದ ಕಪ್ಪಾಗುತ್ತಾ ಬಂದಿತ್ತು, ಕಣ್ಣಿನ ಜಾಗ ಎದ್ದು ಕಾಣುತ್ತಿತ್ತು. ಅವು ಹೊರಬರುವುದು ಮುಂಜಾನೆ. ಅದಕ್ಕೇ ನಾನು ಬೇಗ ಬಂದೆ, ಸುದ್ದಿ ಕೇಳಿ ಅಮ್ಮಂದಿರೂ ಮಕ್ಕಳನ್ನು ಎತ್ತಿಕೊಂಡು ಬಂದರು. ಗೂಡಿನ ಒಂದು ತುದಿ ಒದ್ದೆಯಾಗುತ್ತದೆ; ಚಿಟ್ಟೆ ಬಾಯಿಂದ ಒಂದು ರಸ ಬಿಟ್ಟು ಎಳೆಗಳನ್ನು ಮೆದು ಮಾಡಿಕೊಳ್ಳುತ್ತದೆ. ಆಮೇಲೆ ತಲೆ, ಕಾಲು, ಮುದುಡಿದ ಒದ್ದೆ ರೆಕ್ಕೆ. ನೋಡನೋಡುತ್ತಿದ್ದಂತೆ ರೆಕ್ಕೆ ಹರಡಿ ಒಣಗಿತು.

"ನಮ್ ಹುಳನ ಇದು?" ಅಂತ ಒಬ್ಬ ತಾಯಿ ಕೇಳಿದರು, ಮಗುವಲ್ಲ. ಮದುವೆಯಾಗಿ ಬಂದಾಗಿನಿಂದ ಹುಳು ಮನೆಯಲ್ಲೇ ಬೆನ್ನು ಬಗ್ಗಿಸಿದವರು. ಕೈಯ ಮೇಲೆ ಹತ್ತಿಸಿಕೊಂಡು ಬಹಳ ಹೊತ್ತು ನೋಡಿದರು.

ಈ ಚಿಟ್ಟೆ ಹಾರುವುದಿಲ್ಲ. ಸಾವಿರಾರು ವರ್ಷ ಮನುಷ್ಯನ ಕೈಯಲ್ಲಿ ಬೆಳೆದು ಹಾರಾಟ ಕಳೆದುಕೊಂಡಿದೆ. ತಿನ್ನುವುದೂ ಇಲ್ಲ, ಹುಳುವಾಗಿದ್ದಾಗ ತಿಂದದ್ದರಲ್ಲೇ ಉಳಿದ ದಿನಗಳನ್ನು ಕಳೆಯುತ್ತದೆ. ಮಕ್ಕಳು ಸೊಪ್ಪು ತಂದಿಟ್ಟರು, ಸಕ್ಕರೆ ನೀರು ತಂದರು, ಬಾಳೆಹಣ್ಣು ತಂದರು. ಯಾವುದನ್ನೂ ಮುಟ್ಟದಿದ್ದಾಗ ಪುಟ್ಟಿ ಅಂದಳು: "ಅದಕ್ಕೇ ಅಷ್ಟೊಂದು ತಿಂತಾ ಇತ್ತು." ನಾಲ್ಕೂವರೆ ವರ್ಷದ ಮಗು ತಿಂಗಳ ಹಿಂದಿನದಕ್ಕೂ ಇವತ್ತಿನದಕ್ಕೂ ಗಂಟು ಹಾಕಿತು. ಪಟದ ಬಾಣಕ್ಕೆ ಇದು ಸಾಧ್ಯವಾಗುತ್ತಿರಲಿಲ್ಲ.

ಆಗಸ್ಟ್ 20, ಮಂಗಳವಾರ

ಹೆಣ್ಣು ಚಿಟ್ಟೆಗಳು ಮೊಟ್ಟೆ ಇಟ್ಟಿವೆ, ಕಂದು ಕಾಗದದ ಮೇಲೆ ಸಾಲುಸಾಲಾಗಿ ಹಳದಿ ಕಣಗಳು. ಒಂದೊಂದು ತಾಯಿಗೂ ನೂರಾರು. ಇನ್ನೊಮ್ಮೆ ಸಾಕೋಣ ಅಂತ ಮಕ್ಕಳ ಕುಣಿತ.

ಸಾಕಲಾಗದು ಅಂತ ಹೇಳಬೇಕಾಯಿತು. ಗಂಟುರೋಗ ತಾಯಿಯಿಂದ ಮೊಟ್ಟೆಗೆ ಇಳಿಯುತ್ತದೆ, ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಫ್ರಾನ್ಸಿನ ರೇಷ್ಮೆ ನಾಶವಾಗುತ್ತಿದ್ದಾಗ ಲೂಯಿ ಪಾಶ್ಚರ್ 1865ರಿಂದ ಐದು ವರ್ಷ ಇದರ ಹಿಂದೆ ಬಿದ್ದು, ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ರಮವನ್ನು ಗಟ್ಟಿ ಮಾಡಿದ. ಇವತ್ತಿಗೂ ಬಿತ್ತನೆ ಕೇಂದ್ರಗಳಲ್ಲಿ ಅದೇ ನಡೆಯುತ್ತದೆ. ಮಾಗಡಿ, ಕುಣಿಗಲ್ ಕಡೆಯ ಬಿತ್ತನೆ ಗೂಡಿನಿಂದ ಹೊರಟು, ತಾಯಿಯ ಪರೀಕ್ಷೆ ಮುಗಿಸಿ ಬಂದ ಮೊಟ್ಟೆಯನ್ನೇ ರೈತರು ಕೊಳ್ಳಬೇಕು. ನಮ್ಮ ಊರಿನ ಚಕ್ರ ನಮ್ಮ ಊರಿನಲ್ಲೇ ಸುತ್ತುವುದಿಲ್ಲ, ಅಲ್ಲಿಗೆ ಹೋಗಿ ಬರುತ್ತದೆ.

ಮಕ್ಕಳಿಗೆ ಹೇಳಿದ್ದು ಇಷ್ಟು: ಈ ಅಮ್ಮಂದಿರಿಗೆ ಜಡ್ಡು ಇತ್ತೋ ಇಲ್ಲವೋ ನಾವು ನೋಡಲಾರೆವು, ಇದ್ದರೆ ಅಜ್ಜಿಯ ಹುಳುವಿಗೆ ತಗಲುತ್ತದೆ, ಅದಕ್ಕೇ ಸುಡುತ್ತೇವೆ. ಭೂತಗನ್ನಡಿಯಲ್ಲಿ ಎಲ್ಲರೂ ಸಾವಕಾಶವಾಗಿ ನೋಡಿದ ಮೇಲೆ ಕಾಗದವನ್ನು ಒಲೆಗೆ ಹಾಕಿದೆ. ಹೊಸಮನೆ ಹುಡುಗ "ಅಜ್ಜಿ ಹುಳಕ್ಕೋಸ್ಕರ" ಅಂತ ಪಕ್ಕದವನಿಗೆ ವಿವರಿಸುತ್ತಿದ್ದ. ಸತ್ತ ಚಿಟ್ಟೆಗಳನ್ನೂ ತೂತಾದ ಗೂಡುಗಳನ್ನೂ ಏನು ಮಾಡಬೇಕೆಂದು ಕೇಳಿದರು. ಚಿಟ್ಟೆಗಳು ಒಲೆಗೆ, ಗೂಡುಗಳು ಬಿಸಿಲಿಗೆ. ತೂತು ಗೂಡೂ ವ್ಯರ್ಥವಲ್ಲ, ಅದನ್ನು ಹಿಂಜಿ ನೂತ ರೇಷ್ಮೆಯೂ ಉಂಟು.

ಆಗಸ್ಟ್ 28, ಬುಧವಾರ

ಅಂಗನವಾಡಿ ಕಾರ್ಯಕರ್ತೆಯರ ವೃತ್ತ ಸಭೆ. ಮೇಲ್ವಿಚಾರಕಿ ಮೇಡಂ ನಮ್ಮ ದಾರದ ಗೋಡೆಯ ಫೋಟೋ ನೋಡಿ ಎಲ್ಲರಿಗೂ ಹೇಳಲು ಎಬ್ಬಿಸಿದರು. ಅಂಗನವಾಡಿಯ ಚಿಲಿಪಿಲಿ ಪುಸ್ತಕದ ಚಟುವಟಿಕೆಗಳನ್ನು ಬಿಟ್ಟು ಇದನ್ನು ಮಾಡಬೇಕೇ ಅಂತ ಒಬ್ಬರು ಕೇಳಿದರು. ಬಿಡಬೇಕಾಗಿಲ್ಲ, ಹಾಡು, ಎಣಿಕೆ, ಕಥೆ ಎಲ್ಲವೂ ಹುಳುವಿನ ಸುತ್ತಲೇ ಬಂದವು ಅಂದೆ. ಹುಳು ಸಾಕದ ಊರಿನವರಿಗೆ ಎಕ್ಕದ ಗಿಡ ಹೇಳಿದೆ. ಅದರ ಎಲೆಯಡಿ ಪಟ್ಟೆಪಟ್ಟೆ ಹುಳು ಸಿಗುತ್ತದೆ, ಎರಡು ಮೂರು ವಾರದಲ್ಲಿ ಕಿತ್ತಳೆ ಬಣ್ಣದ ಚಿಟ್ಟೆಯಾಗಿ ಹಾರುತ್ತದೆ. ಎಕ್ಕದ ಹಾಲು ಕಣ್ಣಿಗೆ ಅಪಾಯ, ಕೊಂಬೆ ಮುರಿಯುವುದು ದೊಡ್ಡವರೇ ಆಗಬೇಕು. ಕರಿಬೇವು, ನಿಂಬೆ ಗಿಡದಲ್ಲಿ ಮೊದಲು ಹಕ್ಕಿ ಹಿಕ್ಕೆಯ ಬಣ್ಣದಲ್ಲಿದ್ದು ಆಮೇಲೆ ಹಸಿರಾಗುವ ಹುಳು ಇರುತ್ತದೆ, ಅದು ಇನ್ನೂ ಸುಲಭ.

ಪಟ್ಟಣದ ಬಾಡಿಗೆ ಕೋಣೆಯಲ್ಲಿ ಕೇಂದ್ರ ನಡೆಸುವ ಗೆಳತಿಗೆ ಗಿಡವೂ ಇಲ್ಲ, ಅಂಗಳವೂ ಇಲ್ಲ. ಈ ವರ್ಷ ಎಲ್ಲೆಲ್ಲೂ ಡೆಂಗಿ. ನಿಮ್ಮ ಡ್ರಮ್ಮಿನ ತಳದಲ್ಲಿ ಕುಣಿಯುವ ಸೊಳ್ಳೆ ಮರಿಗಳನ್ನೇ ಸೀಸೆಗೆ ಹಾಕಿ, ಬಾಯಿಗೆ ಬಟ್ಟೆ ಬಿಗಿದು ಮಕ್ಕಳಿಗೆ ತೋರಿಸಿ. ಅವು ಬಾಗಿದ ಕೋಶವಾದ ಕೂಡಲೇ, ಸೊಳ್ಳೆಯಾಗುವ ಮೊದಲೇ, ಒಣ ನೆಲದ ಮೇಲೆ ಚೆಲ್ಲಿಬಿಡಿ ಅಂದೆ. ನಿಂತ ನೀರನ್ನು ಚೆಲ್ಲಬೇಕು ಅಂತ ಮನೆಗೆ ಹೋಗಿ ಅಮ್ಮನಿಗೆ ಹೇಳುವವರು ಆ ಮಕ್ಕಳೇ ಆಗುತ್ತಾರೆ. ಅವಳಿಗೆ ಆದರೂ ಒಂದು ಚಿಟ್ಟೆ ಬೇಕಂತೆ. ಸೋಮವಾರ ನಮ್ಮೂರ ಬಸ್ಸಿನಲ್ಲಿ ಎಕ್ಕದ ಕೊಂಬೆಯನ್ನು ಹುಳುವಿನ ಸಮೇತ ಕಳಿಸುತ್ತೇನೆ ಅಂದಿದ್ದೇನೆ. ಜೊತೆಗೆ ಒಂದು ವಾರಕ್ಕಾಗುವಷ್ಟು ಎಲೆಯನ್ನೂ ಕಳಿಸಬೇಕು.